‘ಎನೇಬಲ್’ ಅಂದರೆ ‘ಸಕ್ರಿಯಗೊಳಿಸು’ ಅಂತಲೇನಾ? ತಾನಾಗಿ ಶುರುವಾಗುವ ಪ್ರೋಗ್ರಾಂ ಬಗ್ಗೆ ಒಂದು ಪದಪ್ರಶ್ನೆ

ನಮಸ್ಕಾರ. ಫೈಲ್‌ಗಳ ಬ್ಯಾಕಪ್ ತೆಗೆಯುವ ಒಂದು ಚಿಕ್ಕ ಪ್ರೋಗ್ರಾಂನ ಸೆಟ್ಟಿಂಗ್ಸ್ ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಂಪ್ಯೂಟರ್ ಆನ್ ಆದಾಗ ತಾನೇ ಎದ್ದು, ತೆರೆಯ ಮೇಲೆ ಏನನ್ನೂ ತೋರಿಸದೆ, ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುವ ಬಗೆಯ ಪ್ರೋಗ್ರಾಂ ಅದು. ಪುಟದಲ್ಲಿ ಇರುವುದೇ ಇಪ್ಪತ್ತು ಸಾಲು. ಹದಿನೈದು ಒಂದೇ ಸಂಜೆಗೆ ಮುಗಿದವು. ಉಳಿದ ಐದು ಎರಡು ವಾರದಿಂದ ಕಾಡುತ್ತಿವೆ.

ಮೊದಲು ಎಡವಿದ್ದು ‘ಎನೇಬಲ್’ ಹತ್ತಿರ. ಎಲ್ಲರಂತೆ ನಾನೂ ‘ಸಕ್ರಿಯಗೊಳಿಸಿ’ ಎಂದು ಬರೆದೆ. ನೋಡಿ ಹೇಳು ಅಂತ ಗೆಳೆಯನಿಗೆ ಕೊಟ್ಟೆ. ಅವನು ಆ ಬಟನ್ ಒತ್ತಿ, ಅರ್ಧ ಗಂಟೆ ಕಾದು, ಫೋನ್ ಮಾಡಿದ. “ಸಕ್ರಿಯಗೊಳಿಸಿದೆ ಕಣೋ, ಏನೂ ಆಗ್ತಿಲ್ಲ.” ತಪ್ಪು ಅವನದಲ್ಲ. ಲಿನಕ್ಸ್‌ನಲ್ಲಿ ಇಂಥ ಪ್ರೋಗ್ರಾಂಗಳನ್ನು ಎಬ್ಬಿಸುವ, ನಿಲ್ಲಿಸುವ ಕೆಲಸ ಸಿಸ್ಟಮ್‌ಡಿಯದು. ಅದರಲ್ಲಿ ಎನೇಬಲ್ ಮಾಡಿದ ಕೂಡಲೇ ಪ್ರೋಗ್ರಾಂ ಶುರುವಾಗುವುದಿಲ್ಲ. ಬೂಟ್ ಆಗುವಾಗ ಯಾರ್ಯಾರನ್ನು ಎಬ್ಬಿಸಬೇಕು ಎಂದು ತಿಳಿಸುವ ಒಂದು ಫೋಲ್ಡರ್ ಇರುತ್ತದೆ. ಅದರೊಳಗೆ ಈ ಪ್ರೋಗ್ರಾಂನ ಫೈಲ್‌ಗೆ ಒಂದು ಕೊಂಡಿ ಬೀಳುತ್ತದೆ, ಅಷ್ಟೇ. ಈಗಲೇ ಕೆಲಸ ಶುರುವಾಗಬೇಕಾದರೆ ‘ಸ್ಟಾರ್ಟ್’ ಅಂತ ಬೇರೆಯಾಗಿ ಹೇಳಬೇಕು. ಹಾಜರಿ ಪುಸ್ತಕದಲ್ಲಿ ಹೆಸರು ಬರೆದ ಮಾತ್ರಕ್ಕೆ ಹುಡುಗ ತರಗತಿಗೆ ಬಂದ ಹಾಗಾಯಿತಾ?

ಇದಕ್ಕಿಂತ ದೊಡ್ಡ ಫಜೀತಿ ಸ್ಥಿತಿ ತೋರಿಸುವ ಕಡೆ ಆಯಿತು. ಅಲ್ಲಿ ‘ಎನೇಬಲ್ಡ್’ ಬೇರೆ, ‘ಆಕ್ಟಿವ್’ ಬೇರೆ. ತಾನಾಗಿ ಏಳಬೇಡ ಎಂದು ಹೇಳಿಟ್ಟ ಪ್ರೋಗ್ರಾಂ ಒಂದನ್ನು ಈಗ ನಾವೇ ಶುರು ಮಾಡಿದ್ದೇವೆ ಅನ್ನಿ. ಅದು ‘ಡಿಸೇಬಲ್ಡ್’ ಕೂಡ ಹೌದು, ‘ಆಕ್ಟಿವ್’ ಕೂಡ ಹೌದು. ನನ್ನ ಕನ್ನಡದಲ್ಲಿ ಅದು ‘ನಿಷ್ಕ್ರಿಯ, ಸಕ್ರಿಯ’ ಎಂದು ಬಂತು. ಪಕ್ಕಪಕ್ಕದಲ್ಲೇ! ಓದಿದವರು ನನ್ನ ತಲೆ ಸರಿ ಇದೆಯಾ ಎಂದು ಕೇಳದಿದ್ದರೆ ಪುಣ್ಯ.

ಸ್ವಲ್ಪ ಯೋಚಿಸಿದ ಮೇಲೆ ಹೊಳೆದದ್ದು ಇಷ್ಟು. ಇಂಗ್ಲಿಷಿನ ‘ಸ್ಟಾರ್ಟ್’ ಎರಡು ಕೆಲಸಕ್ಕೂ ಆಗುತ್ತದೆ: ನಾವು ಶುರು ಮಾಡುವುದು, ಅದು ಶುರುವಾಗುವುದು. ಕನ್ನಡದಲ್ಲಿ ಹಾಗೆ ಜಾರಿಕೊಳ್ಳಲು ಬರುವುದಿಲ್ಲ. ‘ಸ್ವಯಂಚಾಲಿತವಾಗಿ ಪ್ರಾರಂಭಿಸಿ’ ಎಂಬ ಸಾಲನ್ನು ಎಷ್ಟೋ ಕಡೆ ನೋಡಿದ್ದೇನೆ. ಪ್ರಾರಂಭಿಸಬೇಕಾದ್ದು ಯಾರು? ನಾನಾ? ನಾನು ಸ್ವಯಂಚಾಲಿತನಾ? ಹೇಳಬೇಕಿದ್ದದ್ದು ಅದು ತಾನಾಗಿ ಶುರುವಾಗುವ ಮಾತು. ಅಂಥ ಮಾತಿಗೆ ನಮ್ಮಲ್ಲಿ ‘ಲಿ’ ಇದೆಯಲ್ಲ: ಬರಲಿ, ಇರಲಿ, ಆಗಲಿ. ‘ಕಂಪ್ಯೂಟರ್ ಆನ್ ಆದಾಗ ತಾನಾಗಿ ಶುರುವಾಗಲಿ’ ಎಂದು ಬರೆದು ಪಕ್ಕದಲ್ಲಿ ಟಿಕ್ ಹಾಕುವ ಚೌಕ ಇಟ್ಟೆ. ಬಟನ್‌ಗೆ ಮಾತ್ರ ‘ಈಗ ಶುರು ಮಾಡಿ’. ಒಂದು ಮುಂದಕ್ಕೆ ಹೇಳಿಟ್ಟ ಮಾತು, ಇನ್ನೊಂದು ಈಗಿನ ಅಪ್ಪಣೆ. ಅದೇ ಗೆಳೆಯ ಈ ಸಲ ಒಂದೂ ಪ್ರಶ್ನೆ ಕೇಳಲಿಲ್ಲ. ಸ್ಥಿತಿ ತೋರಿಸುವ ಕಡೆಯೂ ‘ಆರಂಭದ ಪಟ್ಟಿಯಲ್ಲಿಲ್ಲ, ಈಗ ನಡೆಯುತ್ತಿದೆ’ ಎಂದು ಬದಲಿಸಿದೆ. ಉದ್ದ ಜಾಸ್ತಿ ಆಯಿತು, ಆದರೆ ಜಗಳ ನಿಂತಿತು.

‘ಆನ್ ಆದಾಗ’ ಎನ್ನುವುದೂ ಎಲ್ಲ ಕಡೆ ನಿಜವಲ್ಲ. ವಿಂಡೋಸ್‌ನಲ್ಲಿ ಸ್ಟಾರ್ಟಪ್ ಫೋಲ್ಡರ್‌ಗೆ ಹಾಕಿದ್ದು ನಾವು ಲಾಗಿನ್ ಆದ ಮೇಲಷ್ಟೇ ಶುರುವಾಗುತ್ತದೆ. ಸರ್ವೀಸ್ ಆಗಿ, ಅಂದರೆ ವಿಂಡೋಸ್ ತಾನೇ ಹಿನ್ನೆಲೆಯಲ್ಲಿ ನಡೆಸುವ ಪ್ರೋಗ್ರಾಂ ಆಗಿ ಕೂರಿಸಿದ್ದು ಯಾರೂ ಲಾಗಿನ್ ಆಗದಿದ್ದರೂ ಶುರುವಾಗಬಲ್ಲದು. ಸ್ಟಾರ್ಟಪ್ ಫೋಲ್ಡರ್‌ನದಕ್ಕೆ ‘ಲಾಗಿನ್ ಆದಾಗ’ ಎಂದೇ ಬರೆಯೋಣ ಎನ್ನುವುದು ನನ್ನ ಮತ.

‘ಸರ್ವೀಸ್’ ಪದವನ್ನು ‘ಸೇವೆ’ ಮಾಡಲು ಮಾತ್ರ ಮನಸ್ಸು ಬರುತ್ತಿಲ್ಲ. ‘ಸೇವೆ ನಿಲ್ಲಿಸಲಾಗಿದೆ’ ಎಂದು ತೆರೆಯ ಮೇಲೆ ಬಂದರೆ ಕಂಪನಿಯೇ ಬಾಗಿಲು ಹಾಕಿತು ಎಂದು ತಿಳಿದಾರು. ಹೀಗೆ ಕಣ್ಣಿಗೆ ಬೀಳದೆ ಕೆಲಸ ಮಾಡುವ ಪ್ರೋಗ್ರಾಂಗೆ ಲಿನಕ್ಸ್‌ನಂಥ ಕಡೆ ಇರುವ ಹೆಸರು ‘ಡೀಮನ್’. ಅದರ ಕಥೆ ಇನ್ನೂ ಮಜ. 1963ರ ಹೊತ್ತಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಮ್ಯಾಕ್ ಎಂಬ ಕಂಪ್ಯೂಟರ್ ಸಂಶೋಧನೆಯ ತಂಡದವರು ಇಟ್ಟ ಹೆಸರು ಅದು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಅಣುಗಳನ್ನು ಒಂದೊಂದಾಗಿ ವಿಂಗಡಿಸುತ್ತ ಕೂತಿರುವ ಪುಟ್ಟ ಜೀವಿ ಅವರ ಮನಸ್ಸಿನಲ್ಲಿತ್ತು. ಸಿಸ್ಟಮ್‌ಡಿಯ ಕೊನೆಯ ‘ಡಿ’ ಕೂಡ ಅದೇ. ಇದನ್ನು ‘ಭೂತ’ ಎಂದರೆ ಹೆದರಿಕೆ ಒಂದು ಕಡೆ, ಭೂತಕಾಲ, ಪಂಚಭೂತ ಇನ್ನೊಂದು ಕಡೆ. ‘ಹಿನ್ನೆಲೆ ಪ್ರೋಗ್ರಾಂ’ ಪರವಾಗಿಲ್ಲ, ಹಿನ್ನೆಲೆ ಗಾಯನ ಕೇಳಿದವರಿಗೆ ಅರ್ಥವಾಗುತ್ತದೆ. ನನಗೆ ಇಷ್ಟವಾಗಿರುವುದು ‘ತೆರೆಮರೆ’. ಕಂಪ್ಯೂಟರ್‌ಗೂ ತೆರೆ ಇದೆ, ಪ್ರೋಗ್ರಾಂ ಅದರ ಮರೆಯಲ್ಲೇ ಇದೆ. ಪತ್ರಿಕೆಗಳ ‘ತೆರೆಮರೆಯ ಕಸರತ್ತು’ ಇಲ್ಲದಿದ್ದರೆ ಕಣ್ಣು ಮುಚ್ಚಿ ಬಳಸುತ್ತಿದ್ದೆ. ಈಗ ನೋಡಿದವರಿಗೆ ಪ್ರೋಗ್ರಾಂ ಏನೋ ಕಳ್ಳಾಟ ಆಡುತ್ತಿದೆ ಅನ್ನಿಸುತ್ತದೇನೋ.

ಈಗ ನನಗೆ ನಿಜವಾಗಿ ಸಹಾಯ ಬೇಕಾದ ಜಾಗ. ವಿಂಡೋಸ್‌ನಲ್ಲಿ ಸರ್ವೀಸ್‌ಗೆ ‘ಮ್ಯಾನುಯಲ್’ ಎಂಬ ಆಯ್ಕೆ ಇದೆ. ‘ಕೈಯಾರೆ’ ಎಂದರೆ ತಪ್ಪಾಗುತ್ತದೆ. ಯಾಕೆಂದರೆ ಬೇರೆ ಪ್ರೋಗ್ರಾಂ ಕೂಡ ಅದನ್ನು ಎಬ್ಬಿಸಬಹುದು, ಅಲ್ಲಿ ನಮ್ಮ ಕೈಯೇ ಇರುವುದಿಲ್ಲ. ಸದ್ಯಕ್ಕೆ ‘ಕರೆದಾಗ ಶುರುವಾಗಲಿ’ ಎಂದು ಇಟ್ಟಿದ್ದೇನೆ.

‘ಡಿಸೇಬಲ್ಡ್’ ಇನ್ನೂ ಕಷ್ಟ. ಸಿಸ್ಟಮ್‌ಡಿಯಲ್ಲಿ ಹಾಗೆಂದರೆ ತಾನಾಗಿ ಏಳುವುದಿಲ್ಲ ಎಂದಷ್ಟೇ, ನಾವು ಎಬ್ಬಿಸಿದರೆ ಏಳುತ್ತದೆ. ವಿಂಡೋಸ್‌ನಲ್ಲಿ ಹಾಗಲ್ಲ, ಆ ಆಯ್ಕೆ ಬದಲಿಸುವ ತನಕ ಯಾರು ಕರೆದರೂ ಏಳುವುದಿಲ್ಲ. ಮೊದಲನೆಯದಕ್ಕೆ ‘ತಾನಾಗಿ ಶುರುವಾಗುವುದು ಬೇಡ’, ಎರಡನೆಯದಕ್ಕೆ ‘ಶುರುವಾಗಕೂಡದು’ ಎಂದು ಬರೆದಿದ್ದೇನೆ. ‘ಬೇಡ’ ಮತ್ತು ‘ಕೂಡದು’ ನಡುವಿನ ಈ ವ್ಯತ್ಯಾಸ ಓದುವವರಿಗೆ ಥಟ್ಟನೆ ಗೊತ್ತಾಗುತ್ತದಾ, ಅಥವಾ ನನಗೆ ಮಾತ್ರ ಹಾಗೆ ಕೇಳಿಸುತ್ತಿದೆಯಾ? ‘ಕೂಡದು’ ತೀರಾ ಗದರಿದ ಹಾಗಿದ್ದರೆ ಬದಲಿಗೆ ಏನು ಹಾಕಬಹುದು?