ಡಬ್ಬದಲ್ಲಿ ಎಷ್ಟು ತೋಟಾ ಇರಬೇಕು?

ಮೊನ್ನೆ ಭಾನುವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಹೆಸರು ತೆಗೆದು, ನನ್ನ ಫೋನಿನಲ್ಲಿ ಇರುವ ಹಾಗೆ ಅಣ್ಣ, ಚಿಕ್ಕಪ್ಪ ಎಂದೇ ಹಾಕಿದ್ದೇನೆ. ಮನೆಮಾತು ಅರೆಭಾಷೆ, ಆದರೆ ಮೈಸೂರು, ಹಾಸನದ ಕಡೆಯಿಂದ ಬಂದ ಸೊಸೆಯಂದಿರು, ಅಳಿಯಂದಿರು ಇರುವುದರಿಂದ ಗುಂಪಿನಲ್ಲಿ ಕನ್ನಡವೇ. ಊರು ಕೊಡಗಿನ ಮಕ್ಕಂದೂರು ಕಡೆ. ಮನೆಯಲ್ಲಿ ಕೋವಿ ಇದೆ, ಅಜ್ಜನ ಕಾಲದ್ದು. ಅದರ ತೋಟಾ, ಅಂದರೆ ಗುಂಡು, ಒಂದು ಡಬ್ಬದಲ್ಲಿ ಇರುತ್ತದೆ. ಗುಂಡು ಕೂಡಿಡಿ ಎನ್ನುವ ಇದೇ ಫಾರ್ವರ್ಡ್ ಬೇರೆ ಮನೆಗಳಿಗೂ ಬಂದಿರುತ್ತದೆ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಡಲ್ಲಾಸ್ ಅಣ್ಣ (ಫಾರ್ವರ್ಡ್): "ಆಪತ್ತು ಹೇಳಿ ಬರುವುದಿಲ್ಲ. ಅಕ್ಕಿ, ನೀರಿನ ಜೊತೆ ಗುಂಡನ್ನೂ ಕೂಡಿಡಿ. ಒಂದು ಕೋವಿಗೆ ಕಡಿಮೆ ಅಂದರೂ 1000 ಇರಲಿ. ಕೊಡಗಿನವರಿಗೆ ಲೈಸೆನ್ಸೂ ಬೇಡ, ಮಿತಿಯೂ ಇಲ್ಲ. ಗಾಳಿಯಾಡದ ಪೆಟ್ಟಿಗೆಯಲ್ಲಿ ಇಟ್ಟರೆ ಎಷ್ಟು ವರ್ಷವಾದರೂ ಕೆಡುವುದಿಲ್ಲ. ನಿಮ್ಮವರಿಗೆಲ್ಲ ಕಳಿಸಿ."

ಡಲ್ಲಾಸ್ ಅಣ್ಣ: ಚಿಕ್ಕಪ್ಪ, ಇದನ್ನು ಒಮ್ಮೆ ಓದಿ. ನಾನು ಇಲ್ಲಿ ಹೀಗೇ ಇಟ್ಟಿದ್ದೇನೆ.

ಚಿಕ್ಕಪ್ಪ: ಒಳ್ಳೆ ವಿಷಯ. ಆನೆ ಕಾಟ ನೋಡಿದರೆ ನಮ್ಮ ಡಬ್ಬವೂ ತುಂಬಿರಬೇಕು.

ನಾನು: ಅಣ್ಣ, "ಮಿತಿ ಇಲ್ಲ" ಅನ್ನುವ ಸಾಲನ್ನು ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡ. ನಮಗಿರುವುದು ಲೈಸೆನ್ಸಿನಿಂದ ವಿನಾಯಿತಿ ಅಷ್ಟೇ. 1861ರಲ್ಲಿ ಬ್ರಿಟಿಷರು ಕೊಟ್ಟದ್ದು, ಈಗ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಕೆಳಗೆ ಕೇಂದ್ರ ಸರ್ಕಾರ ಕೊಡುತ್ತಿದೆ. ಕೊಡವರಿಗೂ ನಮ್ಮಂಥ ಜಮ್ಮಾ ಹಿಡುವಳಿಯವರಿಗೂ (ಕೊಡಗಿನಲ್ಲಿ ತಲೆತಲಾಂತರದಿಂದ ಬಂದ ಜಮೀನಿನವರು) ಸಿಕ್ಕಿದೆ. 2019ರಲ್ಲಿ ಮುಂದುವರಿಸಿದರು, 2029ರ ಅಕ್ಟೋಬರ್ ತನಕ ಇದೆ. ಬೇಡ ಎಂದು ಕೋರ್ಟಿಗೂ ಹೋದರು, 2021ರಲ್ಲಿ ಹೈಕೋರ್ಟ್ ಇರಲಿ ಎಂದಿತು. ಇಷ್ಟು ವರ್ಷ ಇದು ಉಳಿದಿರುವುದು ನಂಬಿಕೆಯ ಮೇಲೆ. "ಕೊಡಗಿನವರೇ, ಸಾವಿರ ಸಾವಿರ ಗುಂಡು ಕೂಡಿಡಿ" ಎಂದು ನಾವೇ ಊರೆಲ್ಲ ಹಂಚಿದರೆ ಆ ನಂಬಿಕೆ ಎಲ್ಲಿ ಉಳಿಯುತ್ತದೆ, ಹೇಳು?

ಡಲ್ಲಾಸ್ ಅಣ್ಣ: ಕಾನೂನು ಇರಲಿ ತಂಗಿ, ನನ್ನ ಅನುಭವ ಕೇಳು. 2020ರಲ್ಲಿ ಇಲ್ಲಿ ಅಂಗಡಿಗೆ ಹೋದರೆ ಶೆಲ್ಫ್ ಖಾಲಿ. ಆ ಒಂದೇ ವರ್ಷ ಬಂದೂಕಿಗಾಗಿ ಎಫ್‌ಬಿಐ ಮಾಡಿದ ಹಿನ್ನೆಲೆ ತಪಾಸಣೆ ಸುಮಾರು 3.97 ಕೋಟಿ. 20 ಸೆಂಟಿನ ಆಸುಪಾಸು ಇದ್ದ 9 ಎಂಎಂ ಪಿಸ್ತೂಲ್ ಗುಂಡಿನ ಬೆಲೆ ಮೂರು ಪಟ್ಟಿಗಿಂತ ಜಾಸ್ತಿ ಆಯಿತು. ಇಟ್ಟುಕೊಂಡಿದ್ದವರು ಬಚಾವ್, ಉಳಿದವರು ಬೆಳಿಗ್ಗೆ ಬೇಗ ಎದ್ದು ಕ್ಯೂ ನಿಂತರು.

ನಾನು: ಶೆಲ್ಫ್ ಖಾಲಿ ಆದದ್ದೇ ಎಲ್ಲರೂ ಕೂಡಿಡಲು ಹೋದದ್ದರಿಂದ ಅಲ್ವಾ?

ಡಲ್ಲಾಸ್ ಅಣ್ಣ: ಇರಬಹುದು. ಆದರೆ ಕ್ಯೂನಲ್ಲಿ ನಿಂತವನಿಗೆ ಕಾರಣ ತಿಳಿದು ಏನು ಪ್ರಯೋಜನ? ನಾನು ಹೇಳುವುದು ಇಷ್ಟೇ, ಬೇಕಾದಾಗ ಸಿಗುವುದಿಲ್ಲ, ಸಿಗುವಾಗ ತಂದಿಡಬೇಕು. ಇಲ್ಲಿ ಫೆಡರಲ್ ಕಾನೂನಿನಲ್ಲಿ ಎಷ್ಟು ಗುಂಡು ಇಟ್ಟುಕೊಳ್ಳಬಹುದು ಎಂಬ ಮಿತಿ ಇಲ್ಲ. ನಾನು ಏನೂ ತಪ್ಪು ಮಾಡುತ್ತಿಲ್ಲ.

ನಾನು: ತಪ್ಪು ಅಂತ ನಾನು ಹೇಳಲಿಲ್ಲ. 2021ರ ಫೆಬ್ರವರಿ ನೆನಪಿದೆಯಾ? ಟೆಕ್ಸಾಸಿನಲ್ಲಿ ಹಿಮ ಬಿದ್ದು 45 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟ್ ಹೋಯಿತಲ್ಲ, ಆಗ. ನೀನು ಕಾರಿನಲ್ಲಿ ಕೂತು ಫೋನ್ ಚಾರ್ಜ್ ಮಾಡಿಕೊಂಡು ಅಮ್ಮನ ಜೊತೆ ಮಾತಾಡಿದೆ. ನಾನು ಪಕ್ಕದಲ್ಲೇ ಇದ್ದೆ. ಪೈಪ್ ಒಡೆದಿದೆ, ಪಾಪುವನ್ನು ನಾಲ್ಕು ಸ್ವೆಟರಿನಲ್ಲಿ ಸುತ್ತಿದ್ದೇವೆ, ಹಳೆಯ ಕುರ್ಚಿ ಮುರಿದು ಬೆಂಕಿ ಹಾಕಿದ್ದೇವೆ, ಹಿಮ ಕರಗಿಸಿ ಕಕ್ಕಸಿಗೆ ಹಾಕುತ್ತಿದ್ದೇವೆ ಎಂದೆ. ಆಗಲೂ ನಿನ್ನ ಪೆಟ್ಟಿಗೆಯಲ್ಲಿ ಗುಂಡು ಇತ್ತು. ಇಲ್ಲದ್ದು ಸೌದೆ, ನೀರು.

(ಅಣ್ಣ ಇದಕ್ಕೆ ತುಂಬ ಹೊತ್ತು ಏನೂ ಬರೆಯಲಿಲ್ಲ.)

ಚಿಕ್ಕಪ್ಪ: ಅವನ ಊರು ಬೇರೆ, ನಮ್ಮ ಊರು ಬೇರೆ. ಇಲ್ಲಿ ರಾತ್ರಿ ಎರಡು ಗಂಟೆಗೆ ಆನೆ ಬಂದು ಬಾಳೆ ಮುರಿಯುವಾಗ ನೀನು ಮಡಿಕೇರಿಯಲ್ಲಿ ಮಲಗಿರುತ್ತೀ.

ನಾನು: ಅದು ನಿಜ ಚಿಕ್ಕಪ್ಪ, ನೀವು ಪಡುವ ಕಷ್ಟ ನನಗೆ ಗೊತ್ತು. ಆದರೆ ಆನೆಗೆ ಗುರಿ ಇಡುವ ಹಾಗಿಲ್ಲ, ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನಲ್ಲಿ ಇದೆ. ಓಡಿಸುವುದಕ್ಕೆ ಬೇಕಾಗಿರುವುದು ಸದ್ದು. ಅದಕ್ಕೆ ನೀವು ಪಟಾಕಿಯನ್ನೇ ಬಳಸುತ್ತೀರಿ. ಕಳೆದ ವರ್ಷ ಎಷ್ಟು ಈಡು ಹೊಡೆದಿರಿ?

ಚಿಕ್ಕಪ್ಪ: ಪುತ್ತರಿ ಸುಗ್ಗಿ ಹಬ್ಬಕ್ಕೆ ಒಂದು. ಮೇಲಿನ ಮನೆ ಅಜ್ಜ ತೀರಿಹೋದಾಗ ಎರಡು. ತೆಂಗಿನಕಾಯಿ ಹೊಡೆಯುವ ಪಂದ್ಯಕ್ಕೆ ಒಂದು ಐದಾರು.

ನಾನು: ಅಂದರೆ ವರ್ಷಕ್ಕೆ ಹತ್ತು ತೋಟಾ ಖರ್ಚಿಲ್ಲ. ಸಾವಿರ ತಂದರೆ ನೂರು ವರ್ಷಕ್ಕೆ ಬಂತು.

ಈಗ ಡಬ್ಬದ ವಿಷಯ ಹೇಳಿಬಿಡುತ್ತೇನೆ, ಕಳೆದ ಕೈಲ್ ಮುಹೂರ್ತ ಹಬ್ಬದಿಂದ ಮನಸ್ಸಿನಲ್ಲಿ ಇದೆ. ಕೋವಿ ಒರೆಸಿ ಪೂಜೆಗೆ ಇಡುವಾಗ ಚಿಕ್ಕಮ್ಮ ಆ ಹಳೆಯ ಬಿಸ್ಕತ್ತು ಡಬ್ಬ ಇಳಿಸಿಕೊಟ್ಟರು. ಎಲ್ಲಿಂದ ಗೊತ್ತಾ, ಒಲೆ ಮೇಲಿನ ಅಟ್ಟದಿಂದ, ಹಂದಿ ಮಾಂಸ ಒಣಗಿಸುವ ಬಿದಿರಿನ ಪಕ್ಕದಿಂದ. ಮಳೆಗಾಲದ ತೇವ ತಾಗದಿರಲಿ ಎಂದು ಅಜ್ಜ ಇಟ್ಟ ಜಾಗ ಅದು. ಮುಚ್ಚಳಕ್ಕೆ ಮಸಿ ಮೆತ್ತಿ ತೆಗೆಯಲು ಚಮಚ ಬೇಕಾಯಿತು. ಒಳಗೆ 63 ತೋಟಾ. ಹೊಸವು ಖಡ್ಕಿ ಕಾರ್ಖಾನೆಯ ಶಕ್ತಿಮಾನ್, ಪ್ಲಾಸ್ಟಿಕ್ಕಿನವು, ಚೆನ್ನಾಗಿವೆ. ಅದರ ಕೆಳಗೆ ಹಳೆಯ ಕಾಗದದ ತೋಟಾ ಒಂಬತ್ತು. ತೇವ ಕುಡಿದು ಹೊಟ್ಟೆ ಊದಿಕೊಂಡಿವೆ, ಹಿತ್ತಾಳೆ ತಳದಲ್ಲಿ ಹಸಿರು ಕಿಲುಬು. ಅವು ನಳಿಗೆಗೆ ಹೋದರೆ ಹೊರಗೆ ಬರುವುದಿಲ್ಲ.

ಎಲ್ಲದರ ಅಡಿಯಲ್ಲಿ ಇದ್ದವು ಎರಡು ಸಣಕಲು ತೋಟಾ. 20 ಬೋರಿನವು. ನಮ್ಮ ಕೋವಿ 12 ಬೋರ್, ಅದರ ನಳಿಗೆ ಇನ್ನೂ ಅಗಲ.

ಭಾವ: ಏನು? 12ರ ಜೊತೆ 20 ಸೇರಿಸಿ ಇಟ್ಟಿದ್ದಾರಾ?

ನಾನು: ಹೌದು ಭಾವ. ದೊಡ್ಡಜ್ಜನ ಹತ್ತಿರ ಹಿಂದೆ 20 ಬೋರ್ ಇತ್ತಂತೆ, ಕೋವಿ ಹೋಯಿತು, ತೋಟಾ ಉಳಿಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. 20ರ ತೋಟಾ 12ರ ನಳಿಗೆಗೆ ಹಾಕಿದರೆ ಕೆಳಗೆ ಬೀಳುವುದಿಲ್ಲ, ಮುಂದಕ್ಕೆ ಜಾರಿ ಅಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ. ಕುದುರೆ (ಟ್ರಿಗರ್) ಎಳೆದರೆ ಸದ್ದಿಲ್ಲ. ಕತ್ತಲಲ್ಲಿ, ಆನೆ ಬಂದ ಗಾಬರಿಯಲ್ಲಿ, ತೋಟಾ ಹಾಕಲು ಮರೆತೆ ಅಂದುಕೊಂಡು ಅದರ ಹಿಂದೆ ಒಂದು 12 ಹಾಕುತ್ತೀರಿ. ನಳಿಗೆ ಸಿಡಿಯುವುದು ಸರಿಯಾಗಿ ಎಡಗೈ ಹಿಡಿದಿರುವ ಜಾಗದಲ್ಲಿ. ಅಣ್ಣ, ಕೂಡಿಡುವುದರಲ್ಲಿ ಇರುವ ಅಪಾಯ ಇದು. ಹತ್ತು ಇದ್ದರೆ ಯಾವುದು ಏನು ಅಂತ ಕಣ್ಣಿಗೆ ಕಾಣುತ್ತದೆ. ಡಬ್ಬ ತುಂಬಿದರೆ ಅಡಿಯಲ್ಲಿ ಏನಿದೆ ಎಂದು ಮೂವತ್ತು ವರ್ಷ ಯಾರಿಗೂ ಗೊತ್ತಾಗುವುದಿಲ್ಲ.

ಭಾವ: ಅಟ್ಟದ ಮಾತು ನಾನು ಹೇಳುತ್ತೇನೆ, ಅಗ್ನಿಶಾಮಕದಲ್ಲಿ ಇಷ್ಟು ವರ್ಷ ಇದ್ದವನು. ಬಿಡಿ ತೋಟಾ ಬೆಂಕಿಗೆ ಬಿದ್ದರೆ ಪಟಪಟ ಒಡೆಯುತ್ತದೆ, ಆದರೆ ಕೋವಿಯಿಂದ ಹೊಡೆದ ಹಾಗೆ ಹಾರುವುದಿಲ್ಲ, ನಳಿಗೆ ಇಲ್ಲವಲ್ಲ. ಚೂರು ಸಿಡಿದು ಹತ್ತಿರ ಇದ್ದವರಿಗೆ ತಾಗಬಹುದು. ನನಗೆ ಹೆದರಿಕೆ ಎರಡಕ್ಕೆ. ಒಂದು, ತುಂಬಿಸಿ ಗೋಡೆಗೆ ನೇತುಹಾಕಿದ ಕೋವಿ, ಬೆಂಕಿಯಲ್ಲಿ ಅದು ತಾನಾಗಿ ಹಾರುತ್ತದೆ, ಯಾವ ಕಡೆಗೆ ಅಂತ ಹೇಳಲಾಗದು. ಇನ್ನೊಂದು, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯ ಮದ್ದು. ಕರಿ ಮದ್ದನ್ನು ಬಿಗಿಯಾದ ಡಬ್ಬದಲ್ಲಿ ಇಟ್ಟರೆ ಅದು ಬಾಂಬೇ. ನಮ್ಮಲ್ಲಿ ಮದ್ದು ಇದೆಯಾ?

ಚಿಕ್ಕಪ್ಪ: ಇಲ್ಲ. ಕೇಪಿನ ಕೋವಿ ಅಪ್ಪನ ಕಾಲಕ್ಕೇ ಹೋಯಿತು.

ಸಣ್ಣತ್ತೆ: ಅಯ್ಯೋ, ಆ ಡಬ್ಬವಾ? ಬೇಸಿಗೆ ರಜೆಯಲ್ಲಿ ಪುಟ್ಟ ಅದನ್ನು ನೆಲಕ್ಕೆ ಸುರಿದು ಸಾಲಾಗಿ ಜೋಡಿಸಿ ರೈಲು ಆಡುತ್ತಿದ್ದ! ನಾನು ಖಾಲಿ ತೋಟಾ ಅಂದುಕೊಂಡು ಸುಮ್ನೆ ಇದ್ದೆ.

ಚಿಕ್ಕಪ್ಪ: ಯಾವಾಗ? ನನಗೆ ಯಾರೂ ಹೇಳಲಿಲ್ಲ.

ಸಣ್ಣತ್ತೆ: ನೀವು ತೋಟದಲ್ಲಿದ್ದಿರಿ.

ಅತ್ತಿಗೆ: ನಾನು ಎರಡು ವರ್ಷ ಜ್ಯೂರಿಚ್‌ನಲ್ಲಿ ಇದ್ದಾಗ ಕೇಳಿದ್ದು ಹೇಳುತ್ತೇನೆ. ಸ್ವಿಟ್ಜರ್ಲೆಂಡಿನಲ್ಲಿ ಸೇನೆಗೆ ಸೇರಿದ ಗಂಡಸರು ಬಂದೂಕು ಮನೆಯಲ್ಲೇ ಇಡುತ್ತಾರೆ. ಯುದ್ಧ ಬಂದರೆ ಇರಲಿ ಎಂದು ಸರ್ಕಾರವೇ ಸೀಲ್ ಹಾಕಿದ ಡಬ್ಬದಲ್ಲಿ 50 ಗುಂಡು ಕೊಡುತ್ತಿತ್ತು. 2007ರಲ್ಲಿ ಇನ್ನು ಬೇಡ ಎಂದು ತೀರ್ಮಾನಿಸಿ ಡಬ್ಬಗಳನ್ನು ವಾಪಸ್ ತೆಗೆದುಕೊಂಡರು. ಬಂದೂಕು ಮನೆಯಲ್ಲಿ ಇರಲಿ ಎಂದು 2011ರಲ್ಲಿ ಜನರೇ ಮತ ಹಾಕಿದರು, ಆದರೆ ಗುಂಡು ಮನೆಗೆ ಬರಲಿಲ್ಲ. ಅಷ್ಟು ಶಿಸ್ತಿನ ದೇಶದಲ್ಲೇ ಲೆಕ್ಕ 50.

ಡಲ್ಲಾಸ್ ಅಣ್ಣ: ಸರಿ, ಎಲ್ಲರೂ ನನ್ನ ಮೇಲೆ ಬಿದ್ದಿರಿ. ಟೆಕ್ಸಾಸಿನ ಚಳಿ ವಿಷಯ ಒಪ್ಪುತ್ತೇನೆ, ಅದಾದ ಮೇಲೆ ಜನರೇಟರ್ ತಂದೆ. ಆದರೆ ಪೊಲೀಸರು ಬರಲಾರದ ದಿನವೊಂದು ಬಂದರೆ? 2018ರಲ್ಲಿ ಗುಡ್ಡ ಕುಸಿದಾಗ ನಿಮ್ಮ ಹತ್ತಿರ ಎಷ್ಟು ದಿನ ಯಾರೂ ಬರಲಿಲ್ಲ?

ಇಲ್ಲಿಗೆ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. ಅವರು ಗುಂಪಿನಲ್ಲಿ ಮಾತಾಡುವುದೇ ಅಪರೂಪ. ಕೇಳಿಸಿಕೊಂಡು ಬರೆದಿದ್ದೇನೆ.

ದೊಡ್ಡಮ್ಮ: 2018ರ ಮಾತು ಎತ್ತಿದೆ ಅಂತ ಹೇಳುತ್ತೇನೆ ಮಗ. ಆಗಸ್ಟ್ ತಿಂಗಳು, ಮಳೆ ಎಷ್ಟು ದಿನದಿಂದ ಹಿಡಿದಿತ್ತು ಅಂತ ಲೆಕ್ಕ ತಪ್ಪಿತ್ತು. ಅವತ್ತು ಬೆಳಗಿನ ಜಾವ ಮೊದಲು ಸದ್ದು ಬಂತು, ಲಾರಿಯಲ್ಲಿ ಕಲ್ಲು ಸುರಿದ ಹಾಗೆ. ನಾಯಿ ಒಳಗೆ ಬಂದು ನನ್ನ ಕಾಲಡಿ ಮಲಗಿತು. ಹೊರಗೆ ನೋಡಿದರೆ ತೋಡಿನ ನೀರು ಕೆಂಪು, ಮೇಲಿನ ಕಾಫಿ ತೋಟ ಇದ್ದ ಜಾಗದಲ್ಲಿ ಇಲ್ಲ, ಗಿಡಗಳು ನಿಂತ ಹಾಗೇ ಕೆಳಗೆ ಇಳಿದು ಬಂದಿದ್ದವು. ಕರೆಂಟ್ ಇಲ್ಲ, ಫೋನ್ ಇಲ್ಲ. ಟಾರ್ಚ್ ಇತ್ತು, ಸೆಲ್ ಸತ್ತಿತ್ತು. ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ದನ ಕಟ್ಟುವ ಹಗ್ಗದಿಂದ ಬಿಗಿದು, ನಿನ್ನ ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ಹೊತ್ತು ಗುಡ್ಡದ ಏರಿ ಮೇಲೆ ನಡೆದರು. ನಾನು ಹಿಂದೆ. ಕೈಯಲ್ಲಿ ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ, ಮೂರು ದಿನಕ್ಕೆ ಆಗುವಷ್ಟು. ಕೋವಿ ಮನೆಯಲ್ಲೇ ಇತ್ತು ಮಗ. ತೋಟಾ ಅಟ್ಟದಲ್ಲೇ ಇತ್ತು. ಯಾರಿಗೂ ನೆನಪಾಗಲಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ ಕೈ ಹಿಡಿದು ದಾಟಿಸಿದರು, ನಮ್ಮ ಮೇಲೆ ಬಿದ್ದವರು ಯಾರೂ ಇಲ್ಲ. ಶಿಬಿರಕ್ಕೆ ಬಂದು ಬಿಸಿ ಗಂಜಿ ಕುಡಿದ ಮೇಲೆ ನಿನ್ನ ದೊಡ್ಡಪ್ಪನಿಗೆ ನೆನಪಾಯಿತು, ಮನೆಗೆ ಬೀಗ ಹಾಕಿಲ್ಲ, ಕೋವಿ ಯಾರ ಕೈಗಾದರೂ ಸಿಕ್ಕಿದರೆ ಏನು ಗತಿ ಅಂತ. ಹತ್ತು ರಾತ್ರಿ ಅವರು ಸರಿಯಾಗಿ ಮಲಗಲಿಲ್ಲ.

(ಇದಾದ ಮೇಲೆ ಸುಮಾರು ಹೊತ್ತು ಗುಂಪು ಸುಮ್ಮನಿತ್ತು.)

ಡಲ್ಲಾಸ್ ಅಣ್ಣ: ದೊಡ್ಡಮ್ಮ, ಮಾತ್ರೆ ವಿಷಯ, ಕುರ್ಚಿ ವಿಷಯ ನನಗೆ ಯಾರೂ ಹೇಳಿರಲಿಲ್ಲ.

ದೊಡ್ಡಮ್ಮ: ಅಷ್ಟು ದೂರದಲ್ಲಿ ಇರುವವನಿಗೆ ಹೇಳಿ ಸುಮ್ನೆ ಯಾಕೆ ಹೆದರಿಸುವುದು ಅಂತ.

ನಾನು: ಅಣ್ಣ, ನಿನ್ನ ಫಾರ್ವರ್ಡಿನಲ್ಲಿ ಗಾಳಿಯಾಡದ ಪೆಟ್ಟಿಗೆಯಲ್ಲಿ ಇಡಬೇಕು ಅನ್ನುವಷ್ಟು ಮಾತು ಸರಿಯಾಗಿದೆ, ಅದನ್ನು ನಾನೇ ಹೇಳುತ್ತೇನೆ. ರಬ್ಬರ್ ಪಟ್ಟಿ ಇರುವ ಟಿನ್ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬಿಸಿಲು ಬೆಂಕಿ ತಾಗದ ತಂಪಾದ ಜಾಗ, ಬೀಗ. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ. ತೋಟಾಗೆ ಎಣ್ಣೆ ಸವರಬಾರದು, ತಳದಲ್ಲಿ ಕಿಡಿ ಹುಟ್ಟಿಸುವ ಕೇಪಿಗೆ ಎಣ್ಣೆ ಇಳಿದರೆ ಹೊತ್ತಿಕೊಳ್ಳುವುದಿಲ್ಲ. ಹಳೆಯದನ್ನು ಮೊದಲು ಖರ್ಚು ಮಾಡಬೇಕು. ಕುದುರೆ ಎಳೆದೂ ಹಾರದಿದ್ದರೆ ನಳಿಗೆಯನ್ನು ಖಾಲಿ ಕಡೆಗೆ ಹಿಡಿದು ಅರ್ಧ ನಿಮಿಷ ಕಾಯಬೇಕು, ತಡವಾಗಿ ಹಾರುವುದುಂಟು. ಇದೆಲ್ಲ 25 ತೋಟಾಗೆ ಮಾಡಬಹುದು. ಸಾವಿರಕ್ಕೆ ಯಾರು ಮಾಡುತ್ತಾರೆ? ಚಿಕ್ಕಪ್ಪನಿಗೆ ಈಗ 71.

ಚಿಕ್ಕಪ್ಪ: 70.

ಡಲ್ಲಾಸ್ ಅಣ್ಣ: ನನ್ನ ಮನೆಯ ಲೆಕ್ಕ ನಾನು ಬದಲಾಯಿಸುವುದಿಲ್ಲ, ಇಲ್ಲಿ ನನಗೆ ಅದು ಬೇಕು. ಆದರೆ ಆ ಫಾರ್ವರ್ಡ್ ಇಲ್ಲಿಂದ ತೆಗೆದಿದ್ದೇನೆ, ಸ್ಕೂಲಿನ ಗುಂಪಿಗೂ ಹಾಕಿದ್ದೆ, ಅಲ್ಲಿಂದಲೂ ತೆಗೆದೆ. ಡಿಸೆಂಬರಿಗೆ ಬರುವಾಗ ಪೆಟ್ಟಿಗೆ ಒಂದು ತರುತ್ತೇನೆ, ಖಾಲಿಯದು. ಹೆಡ್‌ಲ್ಯಾಂಪ್ ಎಷ್ಟು ಬೇಕು?

ಭಾವ: ನಾಲ್ಕು. ಹಗ್ಗ ಇಲ್ಲೇ ಸಿಗುತ್ತದೆ, ಒಳ್ಳೆಯದು 50 ಮೀಟರ್ ನಾನು ತರುತ್ತೇನೆ. ಕೈಯಲ್ಲಿ ತಿರುಗಿಸುವ ರೇಡಿಯೋ ಸಿಕ್ಕಿದರೆ ಅದನ್ನೂ ತಾ.

ಸಣ್ಣತ್ತೆ: ಮಾತ್ರೆ ನಾನು ನೋಡಿಕೊಳ್ಳುತ್ತೇನೆ. ಎಲ್ಲರ ಚೀಟಿಯ ಫೋಟೋ ಇಲ್ಲೇ ಹಾಕಿ.

ಚಿಕ್ಕಪ್ಪ: ಡಬ್ಬ ಇಳಿಸಿದೆ. ನೀನು 63 ಅಂದೆ. ನಾನು ಎರಡು ಸಲ ಎಣಿಸಿದೆ, 61 ಇದೆ. ಆ ಎರಡು ಎಲ್ಲಿ?

ನಾನು: 20 ಬೋರಿನವು ಚಿಕ್ಕಪ್ಪ. ಅವತ್ತೇ ತೆಗೆದು ಕಾಗದದಲ್ಲಿ ಸುತ್ತಿ, ಮೇಲೆ "20" ಎಂದು ಬರೆದು, ಕಬ್ಬಿಣದ ಬೀರುವಿನ ಲಾಕರಿನಲ್ಲಿ ಇಟ್ಟಿದ್ದೇನೆ. ಚಿಕ್ಕಮ್ಮನಿಗೆ ಗೊತ್ತು, ನಿಮಗೂ ಆಗಲೇ ಹೇಳಬೇಕಿತ್ತು, ತಪ್ಪಾಯಿತು. ನಾಳೆ ರಜೆ ಹಾಕಿ ಬರುತ್ತೇನೆ. ಆ ಎರಡು, ಊದಿಕೊಂಡ ಒಂಬತ್ತು, ಒಟ್ಟು ಹನ್ನೊಂದನ್ನು ಠಾಣೆಗೆ ಕೊಟ್ಟು ಬರಹದಲ್ಲಿ ರಸೀದಿ ತೆಗೆದುಕೊಳ್ಳೋಣ. ವಿನಾಯಿತಿ ಪತ್ರ ತೆಗೆದಿಡಿ.

ಚಿಕ್ಕಪ್ಪ: ಒಂಬತ್ತು ಗಂಟೆ ಒಳಗೆ ಬಾ. ಆಮೇಲೆ ಮಂಜು ಇಳಿಯುತ್ತದೆ.