ಮೂತಿ ಇರೋ ಬೆಳ್ಳಿ ಟ್ಯಾಂಕರ್ಡ್: ತೂಕದ ರೇಟಿಗಿಂತ ಜಾಸ್ತಿ ಕೊಡಬಹುದಾ?

ಬಳ್ಳಾರಿ_ಬೆಳ್ಳಿಹುಚ್ಚ:
ಇಂಗ್ಲಿಷರ ಕಾಲದ ಬೆಳ್ಳಿ ಮಗ್, ಲೋಟ ಕೂಡಿಸೋದು ನನ್ನ ಚಟ. "ನೀವು ಕುಡಿಯೋದೂ ಇಲ್ಲ, ಪೂಜೆಗೆ ಇಡೋಕೂ ಬರಲ್ಲ" ಅಂತ ಮನೆಯಲ್ಲಿ ಬೈಗುಳ. ಇರಲಿ.

ಕೌಲ್ ಬಜಾರಿನ ಹಳೇ ಸಾಮಾನಿನವರ ಹತ್ತಿರ ಮುಚ್ಚಳ ಇರೋ ಟ್ಯಾಂಕರ್ಡ್ (ಬಿಯರ್ ಕುಡಿಯೋ ಹಿಡಿ ಇರೋ ದೊಡ್ಡ ಮಗ್) ಒಂದು ಬಂದಿದೆ. ಮೈಮೇಲೆ ಐದು ಮುದ್ರೆ: ನಡೆಯುವ ಸಿಂಹ, ಕಿರೀಟ ಇಟ್ಟ ಚಿರತೆ ಮುಖ, ದೊಡ್ಡ 'ಎಂ' ಅಕ್ಷರ, ರಾಜನ ತಲೆ, ಮಾಡಿದವನ ಹೆಸರಿನ ಎರಡಕ್ಷರ. ಆದರೆ ಹಿಡಿಯ ಎದುರಿಗೆ ಗಿಂಡಿಗಿರುವಂಥ ಮೂತಿ! ಅದರ ಮೇಲೆ ಒಂದು ಮುದ್ರೆಯೂ ಇಲ್ಲ. "ದಂಡಿನ ದೊರೆ ಬಿಟ್ಟುಹೋದದ್ದು" ಅಂತ ಬೆಳ್ಳಿ ರೇಟಿನ ಮೂರು ಪಟ್ಟು ಕೇಳುತ್ತಿದ್ದಾರೆ. ತಗೊಳ್ಳಲಾ?

ಕೊಪ್ಪಳದ_ಕಾಕಾ:
ದೊರೆ ಕಥೆಗೆ ಮುದ್ರೆ ಇರಲ್ಲ ತಮ್ಮಾ, ಅದಕ್ಕೆ ರೊಕ್ಕ ಕೊಡಬೇಡ. ಮಾಲು ಮಾತ್ರ ಅಸಲಿ ಇದ್ದಂಗಿದೆ. ಸಿಂಹ ಅಂದರೆ 92.5 ಬೆಳ್ಳಿ. ಚಿರತೆ ಲಂಡನ್ನಿನದು, 1821ರ ನಂತರ ಅದರ ಕಿರೀಟ ತೆಗೆದುಬಿಟ್ಟರು. ರಾಜನ ತಲೆ ತೆರಿಗೆ ಕಟ್ಟಿದ ಗುರುತು, 1784ರಲ್ಲಿ ಶುರುವಾಗಿ 1890ಕ್ಕೆ ನಿಂತಿತು. ಲಂಡನ್ನಿನಲ್ಲಿ ವರ್ಷಕ್ಕೊಂದು ಅಕ್ಷರ, 20 ಮುಗಿದರೆ ಅಕ್ಷರದ ರೂಪ ಬದಲು. 1784ರಿಂದ 1821ರ ನಡುವೆ ದೊಡ್ಡ 'ಎಂ' ಬರೋದು 1807ಕ್ಕೆ. ಬಳ್ಳಾರಿ ಕಂಪನಿ ಕೈಗೆ ಹೋಗಿ ಆಗಿನ್ನೂ ಏಳೇ ವರ್ಷ ನೋಡು.

ಮೂತಿ ಆಮೇಲೆ ಹಚ್ಚಿದ್ದು. ವಿಕ್ಟೋರಿಯಾ ಕಾಲದಲ್ಲಿ ಬಿಯರ್ ಟ್ಯಾಂಕರ್ಡ್‌ಗಳನ್ನ ಹಿಂಗೇ ಜಗ್ ಮಾಡೋರು. ಹೊಸದಾಗಿ ಹಚ್ಚಿದ ಭಾಗಕ್ಕೆ ಮತ್ತೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು ಅಂತ ಅಲ್ಲಿ 1844ರಲ್ಲಿ ಕಾನೂನೇ ಬಂತು. ನಿಂದರ ಮೇಲೆ ಮುದ್ರೆ ಇಲ್ಲ ಅಂದಮೇಲೆ ಮೂರು ಪಟ್ಟು ಯಾಕೆ? ಮುಚ್ಚಳದ ಒಳಗೆ ಸಿಂಹ ಇದೆಯಾ ನೋಡು. ಅಲ್ಲೂ ಇಲ್ಲದಿದ್ದರೆ ಮುಚ್ಚಳವೂ ಬೇರೆ ಕಡೆಯದು.

ರಾಯಚೂರು_ಸರಾಫ:
ಮೂತಿಯ ಸುತ್ತ ಬಾಯಿಂದ ಬಿಸಿ ಉಸಿರು ಊದಿ. ಮಂಜು ಕಟ್ಟಿದಾಗ ಬೆಸುಗೆ ಗೆರೆ ಕಾಣುತ್ತದೆ. ಎದುರು ಭಾಗ ಬೆರಳಿಗೆ ತೆಳ್ಳಗೆ ಸಿಕ್ಕರೆ ಅಲ್ಲಿ ಯಾರದೋ ಮನೆತನದ ಲಾಂಛನ ಉಜ್ಜಿ ತೆಗೆದಿದ್ದಾರೆ ಅಂತ ಲೆಕ್ಕ. ವಿಭೂತಿ ಹಾಕಿ ತಿಕ್ಕಬೇಡಿ, ಮುದ್ರೆ ಸವೆಯುತ್ತೆ. ಇನ್ನು 'ಇಪಿಎನ್‌ಎಸ್' ಅಂತ ಇರೋದು ಬರೀ ಬೆಳ್ಳಿ ನೀರು ಕುಡಿಸಿದ್ದು. ಅದಕ್ಕೂ ನಾಲ್ಕು ಚೌಕದಲ್ಲಿ ಅಕ್ಷರ ಒತ್ತಿ ಮುದ್ರೆ ಥರಾನೇ ಕಾಣಿಸ್ತಾರೆ, ಹುಷಾರು.

ಬಳ್ಳಾರಿ_ಬೆಳ್ಳಿಹುಚ್ಚ:
ಕಾಕಾ, ನೋಡಿ ಬಂದೆ. ಮುಚ್ಚಳದಲ್ಲಿ ಸಿಂಹ ಇದೆ, ಅದೇ 'ಎಂ' ಕೂಡ. ಮೂತಿ ಸುತ್ತ ಗೆರೆ ಸ್ಪಷ್ಟ. ತೂಕದ ರೇಟಿಗೆ ಮೇಲೆ ಸ್ವಲ್ಪ ಸೇರಿಸಿ ಕೇಳಿದೀನಿ. "ಮೂತಿ ಬೇಡ ಅಂದ್ರೆ ಕತ್ತರಿಸಿ ಕೊಡ್ತೀನಿ" ಅಂತಾರೆ! ಕೈ ಮುಗಿದು ಬೇಡ ಅಂದಿದೀನಿ.