ಹುಳಿ ಬಂದ ಅಕ್ಕಿ ನೀರು, ದುಬಾರಿ ಎಸೆನ್ಸ್: ಎರಡೂ ಒಂದೇನಾ?

ಪ್ರಶ್ನೆ: ನನ್ನದು ಎಣ್ಣೆ ಚರ್ಮ. ಎಸ್‌ಕೆ-ಟು ಬ್ರ್ಯಾಂಡ್‌ನ ಎಸೆನ್ಸ್ (ಮುಖಕ್ಕೆ ಹಚ್ಚುವ ನೀರಿನಂಥ ದ್ರವ) ಬೆಲೆ ನೋಡಿ ಸುಮ್ನೆ ವಾಪಸ್ ಇಟ್ಟೆ. ಅಮ್ಮ ಅಕ್ಕಿ ತೊಳೆದ ನೀರನ್ನೇ ಹುಳಿ ಬರಿಸಿ ಹಚ್ಚು ಅನ್ನುತ್ತಾರೆ. ಎರಡೂ ಹುದುಗು ತಾನೇ?

ಉತ್ತರ 1: ಅಲ್ಲ. 1980ರಲ್ಲಿ ಜಪಾನಿನಲ್ಲಿ ಬಂದ ಆ ಎಸೆನ್ಸ್‌ನಲ್ಲಿರುವುದು ಗ್ಯಾಲಕ್ಟೋಮೈಸಿಸ್ ಎಂಬ ಯೀಸ್ಟ್ ಬೆಳೆಸಿ ಸೋಸಿದ ದ್ರವ. ಅದರಲ್ಲಿ ಅಮೈನೋ ಆಮ್ಲ, ವಿಟಮಿನ್ ಇರುತ್ತವೆ. ನಿಮ್ಮ ಪಾತ್ರೆಯಲ್ಲಿ ಯಾವ ಬೂಸ್ಟು ಬೆಳೆದಿದೆಯೋ ಯಾರಿಗೆ ಗೊತ್ತು! ಒಡೆದ ಮೊಡವೆ ಮೇಲಂತೂ ಬೇಡ.

ಉತ್ತರ 2: ದುಡ್ಡು ಉಳಿಸಬೇಕಾ? ಚರ್ಮದಲ್ಲಿ ತೇವ ಹಿಡಿದಿಡುವ ಹಯಲುರಾನಿಕ್ ಆಮ್ಲದ ಸೀರಮ್ ತಗೊಳ್ಳಿ. ಮೊದಲು ಅದನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗ ಹೆಚ್ಚಾಗಿ ಬ್ಯಾಕ್ಟೀರಿಯಾ ಹುದುಗಿಸಿಯೇ ಮಾಡುತ್ತಾರೆ. ಒದ್ದೆ ಮುಖಕ್ಕೆ ಹಚ್ಚಿ, ಮೇಲೆ ಮಾಯಿಶ್ಚರೈಸರ್.

ಪ್ರಶ್ನೆ ಕೇಳಿದವರು: ಹುಂಜದ ಜುಟ್ಟಾ! ಅಮ್ಮನಿಗೆ ಹೇಳಲ್ಲ. ಸೀರಮ್ ಮೊದಲು ಕಿವಿ ಹಿಂದೆ ಹಚ್ಚಿ ನೋಡುತ್ತೇನೆ.